ಓದುಗರ ಪ್ರಶ್ನೆ: ದ್ವೀಪದ ಗ್ರಿಡ್‌ಗೆ ಸೂರ್ಯನ ಕರೆಂಟ್

ಪ್ರಶ್ನೆ: ಹವಾಯಿಯ ಕವಾಯಿ ದ್ವೀಪದಲ್ಲಿ ಕೆಲವು ದಿನ ಹಗಲು ಹೊತ್ತು ಎಣ್ಣೆ ಸುಡದೆಯೇ ಕರೆಂಟ್ ಕೊಡುತ್ತಾರಂತೆ. ಮೋಡ ಕವಿದರೆ ದ್ವೀಪವೆಲ್ಲ ಕತ್ತಲಾಗುವುದಿಲ್ಲವೇ? ಪಾವಗಡಕ್ಕೆ ಈ ಚಿಂತೆ ಏಕಿಲ್ಲ? (ಶಿಕ್ಷಕರು, ಗದಗ)

ಉತ್ತರ: ಪಾವಗಡದ ಸೋಲಾರ್ ಪಾರ್ಕಿನ 2,050 ಮೆಗಾವ್ಯಾಟ್ ಸೇರುವ ಇಡೀ ದೇಶದ ಗ್ರಿಡ್ ಬಹಳ ದೊಡ್ಡದು, 2024ರ ಮೇ ತಿಂಗಳಲ್ಲಿ ಅದು ಸುಮಾರು 2,50,000 ಮೆಗಾವ್ಯಾಟ್ ಬೇಡಿಕೆ ಹೊತ್ತಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗ ದಕ್ಷಿಣವನ್ನು ಉಳಿದ ದೇಶಕ್ಕೆ ಬೆಸೆದ ಮೇಲೆ ಪಾವಗಡದ ಕೊರತೆ ತುಂಬಲು ನೂರಾರು ಜನರೇಟರ್‌ಗಳಿವೆ. ಕವಾಯಿಗೆ ಪಕ್ಕದ ದ್ವೀಪದಿಂದಲೂ ಕೇಬಲ್ ಇಲ್ಲ. ಅದರ ಗರಿಷ್ಠ ಬೇಡಿಕೆಯೇ 80 ಮೆಗಾವ್ಯಾಟ್ ಆಸುಪಾಸು.

ಆದರೂ ಮೋಡಕ್ಕಿಂತ ಹೆಚ್ಚು ಹೆದರಬೇಕಾದದ್ದು ದೊಡ್ಡ ಯಂತ್ರವೊಂದು ಏಕಾಏಕಿ ಟ್ರಿಪ್ ಆಗುವುದಕ್ಕೆ. ಮೋಡ ಬರುವುದು ಕಾಣುತ್ತದೆ, ಟ್ರಿಪ್ ಹೇಳಿ ಬರುವುದಿಲ್ಲ. ತಿರುಗುವ ಜನರೇಟರ್‌ನ ಭಾರವಾದ ರೋಟರ್ ತನ್ನ ವೇಗದಲ್ಲಿರುವ ಶಕ್ತಿಯನ್ನು ಕೊಟ್ಟು ಮೊದಲ ಕೆಲವು ಕ್ಷಣ ಗ್ರಿಡ್ ಅನ್ನು ಕಾಪಾಡುತ್ತದೆ. ಸೋಲಾರ್ ಪ್ಯಾನೆಲ್‌ನಲ್ಲಿ ತಿರುಗುವುದು ಏನೂ ಇಲ್ಲ. 50 ಹರ್ಟ್ಜ್ ಗ್ರಿಡ್ ಒಂದನ್ನು ಊಹಿಸಿ: 60 ಮೆಗಾವ್ಯಾಟ್‌ನಷ್ಟು ಯಂತ್ರಗಳು ತಿರುಗುತ್ತಿವೆ, ಜಡತ್ವ (ರೋಟರ್‌ಗಳಲ್ಲಿರುವ ಶಕ್ತಿಯೊಂದೇ ಪೂರ್ಣ ಭಾರ ಹೊರಬಲ್ಲ ಸಮಯ) 4 ಸೆಕೆಂಡ್. ಆಗ 10 ಮೆಗಾವ್ಯಾಟ್ ಕಳೆದುಹೋದರೆ ಆವರ್ತನ (ಕರೆಂಟ್ ಸೆಕೆಂಡಿಗೆ ಎಷ್ಟು ಬಾರಿ ದಿಕ್ಕಿನ ಸುತ್ತು ಮುಗಿಸುತ್ತದೆ ಎಂಬ ಎಣಿಕೆ) ಸೆಕೆಂಡಿಗೆ ಸುಮಾರು 1 ಹರ್ಟ್ಜ್ ಬೀಳತೊಡಗುತ್ತದೆ. ಅರ್ಧದಷ್ಟು ಯಂತ್ರ ನಿಲ್ಲಿಸಿ ಸೋಲಾರ್ ಹಾಕಿದ್ದರೆ ಬೀಳುವ ವೇಗ ಇಮ್ಮಡಿ. ಡೀಸೆಲ್ ಯಂತ್ರದ ವೇಗ ಕಾಯುವ ಗವರ್ನರ್ ಎಚ್ಚೆತ್ತು ಇಂಧನ ಹೆಚ್ಚಿಸುವಷ್ಟರಲ್ಲಿ ರಿಲೇಗಳು (ರಕ್ಷಣೆಯ ಸ್ವಿಚ್‌ಗಳು) ಊರುಗಳಿಗೆ ಹೋಗುವ ಫೀಡರ್ ಲೈನ್‌ಗಳನ್ನು ಕಡಿದಿರುತ್ತವೆ.

2021ರ ನವೆಂಬರ್ 21ರ ಬೆಳಗಿನ ಜಾವ ಕವಾಯಿಗೆ ಎದುರಾದದ್ದು ಇಂಥದೇ ಪರಿಸ್ಥಿತಿ. 26 ಮೆಗಾವ್ಯಾಟ್ ಕೊಡುತ್ತಿದ್ದ ಜನರೇಟರ್ ಟ್ರಿಪ್ ಆಯಿತು. ಅದು ಆ ಹೊತ್ತಿನ ಬೇಡಿಕೆಯ ಶೇ. 60ರಷ್ಟು. ಬ್ಯಾಟರಿಗಳು ತಕ್ಷಣ ಭಾರ ಹೊತ್ತು ದ್ವೀಪವನ್ನು ಉಳಿಸಿದವು. ಆದರೆ ಸುಮಾರು ಒಂದು ನಿಮಿಷ ಗ್ರಿಡ್ ಸೆಕೆಂಡಿಗೆ 18–20 ಬಾರಿ ಓಲಾಡಿತು. ಪ್ಯಾನೆಲ್, ಬ್ಯಾಟರಿಯ ಡಿಸಿ ಕರೆಂಟನ್ನು ಗ್ರಿಡ್‌ನ ಎಸಿ ಕರೆಂಟಾಗಿಸುವ ಸಾಧನವೇ ಇನ್ವರ್ಟರ್. ಬೇರೆಯವರ ವೋಲ್ಟೇಜ್ ನೋಡಿ ಹಿಂಬಾಲಿಸುವ ಇನ್ವರ್ಟರ್‌ಗಳು ದುರ್ಬಲ ಗ್ರಿಡ್‌ನಲ್ಲಿ ಹೀಗೆ ತಡಬಡಾಯಿಸುತ್ತವೆ. ತಾನೇ ವೋಲ್ಟೇಜ್ ಕಟ್ಟಿಕೊಡುವ 'ಗ್ರಿಡ್ ಫಾರ್ಮಿಂಗ್' ಇನ್ವರ್ಟರ್ ಬ್ಯಾಟರಿಯ ಹಿಂದಿದ್ದರೆ ಆ ಓಲಾಟ ಅಡಗುತ್ತದೆ. ದ್ವೀಪಕ್ಕೆ ಬ್ಯಾಟರಿ ಕೊಳ್ಳುವವರು ಎಷ್ಟು ಯೂನಿಟ್ ಎಂದು ಕೇಳುವ ಮುಂಚೆ ಇದನ್ನು ಕೇಳಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ಬ್ಯಾಟರಿಯ ಗಾತ್ರ ಲೆಕ್ಕ ಹಾಕುವುದು ಹೇಗೆ? (ಡಿಪ್ಲೊಮಾ ವಿದ್ಯಾರ್ಥಿ, ಹಾವೇರಿ)

ಉತ್ತರ: ಕವಾಯಿಯಲ್ಲಿ 2017ರಲ್ಲಿ ಶುರುವಾದ ಘಟಕ 13 ಮೆಗಾವ್ಯಾಟ್, ಬ್ಯಾಟರಿ 52,000 ಯೂನಿಟ್, ಅಂದರೆ ಪೂರ್ಣ ಭಾರದಲ್ಲಿ 4 ಗಂಟೆ. ನೀವೇ ಮಾಡಿ ನೋಡಿ: ಸಂಜೆ 6ರಿಂದ 10ರವರೆಗೆ ಸರಾಸರಿ 5 ಮೆಗಾವ್ಯಾಟ್ ಬೇಕಾದರೆ 20,000 ಯೂನಿಟ್. ಶೇ. 10 ತಳದಲ್ಲಿ ಉಳಿಸಬೇಕು: 22,200. ಹೊರಬರುವಾಗಿನ ನಷ್ಟ ಶೇ. 5 ಎಂದುಕೊಂಡರೆ: 23,400. ವರ್ಷಗಳು ಕಳೆದು ಸಾಮರ್ಥ್ಯ ಶೇ. 80ಕ್ಕೆ ಇಳಿದ ಮೇಲೂ ಸಾಲಬೇಕಾದರೆ ಮೊದಲೇ 29,000 ಯೂನಿಟ್‌ಗೂ ಮೇಲೆ ಕೊಳ್ಳಬೇಕು. ಈ ಕೊನೆಯ ಹೆಜ್ಜೆಯನ್ನು ಬಿಟ್ಟವರ ಲೆಕ್ಕ ಕೆಲವೇ ವರ್ಷದಲ್ಲಿ ಕೈಕೊಡುತ್ತದೆ. ಇನ್ನು ಜಡಿಮಳೆ ಹಿಡಿದ ವಾರಕ್ಕೆ 4 ಗಂಟೆಯ ಬ್ಯಾಟರಿ ಉತ್ತರವಲ್ಲ. ಅದಕ್ಕೆ ಜಲವಿದ್ಯುತ್ತೋ ಹಳೆಯ ಎಂಜಿನ್ನೋ ಸಿದ್ಧವಿರಲೇಬೇಕು.

ಪ್ರಶ್ನೆ: ಲೈನ್ ಹೋದ ಕೂಡಲೇ ನಮ್ಮ ಚಾವಣಿಯ 3 ಕಿಲೋವ್ಯಾಟ್ ಸೋಲಾರೂ ಬಂದ್ ಆಗುತ್ತದೆ. ಬಿಸಿಲಿದ್ದೂ ಏಕೆ ಹೀಗೆ? (ಗೃಹಿಣಿ, ಹುಬ್ಬಳ್ಳಿ)

ಉತ್ತರ: ನಿಮ್ಮದು ಹಿಂಬಾಲಿಸುವ ಜಾತಿಯ ಇನ್ವರ್ಟರ್. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯಬಾರದೆಂದು ನಿಯಮವೇ ಅದನ್ನು ನಿಲ್ಲಿಸುತ್ತದೆ. ಆ ರಕ್ಷಣೆಯನ್ನು ಯಾರು ಹೇಳಿದರೂ ತೆಗೆಸಬೇಡಿ. ಲೈನ್ ಇಲ್ಲದಾಗಲೂ ನಡೆಯಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಹಾಕಿಸಿ, ದೀಪ, ಫ್ಯಾನ್, ಫ್ರಿಜ್‌ಗೆ ಮಾತ್ರ ಪ್ರತ್ಯೇಕ ವೈರಿಂಗ್ ಮಾಡಿಸಿ. ಬೋರ್‌ವೆಲ್ ಮೋಟರ್ ಅದಕ್ಕೆ ಸೇರಿಸಬೇಡಿ: ಚಾಲೂ ಆಗುವಾಗ ಅದು ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಇನ್ವರ್ಟರ್ ಓವರ್‌ಲೋಡ್ ಎಂದು ನಿಲ್ಲುತ್ತದೆ.