ಇಲ್ಲಿಯ ಒಪ್ಪಿಗೆ ಅಲ್ಲಿ ನಡೆಯುವುದಿಲ್ಲ

ಸಿಂಧನೂರಿನ ಗೆಳೆಯರಿಬ್ಬರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ನಿಜವಾಗಿಯೂ ಖುಷಿಯಾಯಿತು. ಭತ್ತದ ಗದ್ದೆಯಲ್ಲಿ ನೀರು ಎಷ್ಟಿದೆ ಎಂದು ನೋಡಿ, ದೂರದ ಪಂಪ್ ಸ್ಟಾರ್ಟರಿಗೆ ವೈರಿಲ್ಲದೆ ಸುದ್ದಿ ಮುಟ್ಟಿಸುವ ಪೆಟ್ಟಿಗೆ ಮಾಡಿದ್ದೀರಿ. ಒಳಗೆ 865 ಮೆಗಾಹರ್ಟ್ಸ್‌ನ ಲೋರಾ (ಕಡಿಮೆ ಪವರಿನಲ್ಲಿ ದೂರ ಮುಟ್ಟುವ) ರೇಡಿಯೋ. ಟೆಕ್ಸಸ್‌ನಲ್ಲಿರುವ ನಿಮ್ಮ ಸಂಬಂಧಿಕರು "ಇಲ್ಲೂ ಭತ್ತ ಬೆಳೀತಾರೆ, ಕಳಿಸಿ, ಮಾರಿಕೊಡ್ತೀನಿ" ಎಂದಿದ್ದಾರೆ. ನಿಮ್ಮ ಪ್ರಶ್ನೆ ಎರಡು. ರೇಡಿಯೋ ಉಪಕರಣಕ್ಕೆ ಭಾರತ ಸರ್ಕಾರ ಕೊಡುವ ಒಪ್ಪಿಗೆ, ಇಟಿಎ ಪ್ರಮಾಣಪತ್ರ ಇದೆ, ಸಾಲದಾ? ಮೊದಲು ಒಂದಿಷ್ಟು ಕೊರಿಯರ್ ಮಾಡಿ, ಆಮೇಲೆ ಕಾಗದಪತ್ರ ಮಾಡಿಸಿದರೆ ಆಗಲ್ವಾ?

ಸಾಲದು. ದಯವಿಟ್ಟು ಕಳಿಸಬೇಡಿ. ಪರೀಕ್ಷೆಗೆ ಅಂತ ಕೆಲವು ಪೆಟ್ಟಿಗೆ ತರಿಸಿಕೊಳ್ಳಲು ಅಮೆರಿಕದ ನಿಯಮದಲ್ಲಿ ಅವಕಾಶ ಇದೆ. ಮಾರಾಟಕ್ಕೆ ಇಲ್ಲ. ಒಪ್ಪಿಗೆ ಇಲ್ಲದೆ ಮಾರಿದರೆ ತೊಂದರೆಗೆ ಸಿಕ್ಕುವವರು ನಿಮ್ಮ ಸಂಬಂಧಿಕರು.

ಕಾಗದಪತ್ರಕ್ಕಿಂತ ಮೊದಲು ನೋಡಬೇಕಾದದ್ದು ಆ 865 ಅನ್ನುವ ಅಂಕಿ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್‌ವರೆಗಿನ ರೇಡಿಯೋ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು. ಅಮೆರಿಕದಲ್ಲಿ 851ರಿಂದ 869ರವರೆಗಿನ ಜಾಗ ಲ್ಯಾಂಡ್ ಮೊಬೈಲ್ ರೇಡಿಯೋದವರದು, ಅಂದರೆ ವಾಕಿಟಾಕಿ, ವಾಹನದ ರೇಡಿಯೋ ಬಳಸುವವರದು. ಪೊಲೀಸರು, ಅಗ್ನಿಶಾಮಕದವರು ಬಳಸುವ ಪಟ್ಟಿಯೂ ಅದರಲ್ಲೇ ಬರುತ್ತದೆ. ಅಲ್ಲಿ ನಿಮ್ಮಂಥ ಪೆಟ್ಟಿಗೆಗಳಿಗೆ ಇರುವ ಜಾಗ 902ರಿಂದ 928. ಅದನ್ನೇ ಇಲ್ಲಿ ಹಾಕೋಣ ಅಂದರೆ ಅದೂ ಆಗದು. ನಮ್ಮಲ್ಲಿ 890ರಿಂದ 915 ಮೊಬೈಲ್ ಫೋನಿನಿಂದ ಟವರಿಗೆ ಹೋಗುವ ಸಿಗ್ನಲ್ಲಿನ ದಾರಿ. ಅಂದರೆ ಮಾನ್ವಿಯಲ್ಲಿ ಮಾರುವ ಪೆಟ್ಟಿಗೆಯನ್ನೇ ಟೆಕ್ಸಸ್‌ಗೆ ಕಳಿಸಲು ಬರುವುದಿಲ್ಲ.

ಅಂಕಿ ಬದಲಾಯಿಸಿದರೂ ಕೆಲಸ ಮುಗಿಯಲ್ಲ. ನಿಮ್ಮ ರೇಡಿಯೋ ಒಂದೇ ಚಾನೆಲ್‌ನಲ್ಲಿ, 125 ಕಿಲೋಹರ್ಟ್ಸ್ ಅಗಲದಲ್ಲಿ ನಿಂತು ಮಾತಾಡುತ್ತದೆ ಎಂದು ಬರೆದಿದ್ದೀರಿ. ಅಮೆರಿಕದ ರೇಡಿಯೋ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ನಿಯಮದಲ್ಲಿ, ಲೈಸೆನ್ಸ್ ಇಲ್ಲದ ರೇಡಿಯೋಗಳ ಭಾಗ 15ರ ಕೆಳಗೆ, ನಿಮಗೆ ಬೇಕಾದಷ್ಟು ಪವರ್ ಸಿಗಬೇಕಾದರೆ ಒಂದೋ ಚಾನೆಲ್‌ನಿಂದ ಚಾನೆಲ್‌ಗೆ ಜಿಗಿಯುತ್ತಿರಬೇಕು, ಇಲ್ಲವೇ ಅಗಲ ಕನಿಷ್ಠ 500 ಕಿಲೋಹರ್ಟ್ಸ್ ಇರಬೇಕು. ಇದಕ್ಕೆ ಫರ್ಮ್‌ವೇರ್, ಅಂದರೆ ಪೆಟ್ಟಿಗೆಯನ್ನು ನಡೆಸುವ ಒಳಗಿನ ಸಾಫ್ಟ್‌ವೇರ್, ಬದಲಾಗಬೇಕು. ಯುರೋಪಿನದು ಬೇರೆ ಥರ. 868.0ರಿಂದ 868.6ರ ಪಟ್ಟಿಯಲ್ಲಿ ಸಾಮಾನ್ಯವಾಗಿ 25 ಮಿಲಿವ್ಯಾಟ್, ಶೇಕಡಾ 1ರಷ್ಟು ಹೊತ್ತು. ಗಂಟೆಗೆ 36 ಸೆಕೆಂಡ್ ಮಾತ್ರ ಮಾತಾಡಬಹುದು. ಎಡದಂಡೆ ಕಾಲುವೆಯಲ್ಲಿ ಮೇಲಿನವರು ತೂಬು ಎತ್ತಿಟ್ಟೇ ಬಿಟ್ಟರೆ ಸಿರವಾರದ ಕಡೆಗೆ ನೀರು ಮುಟ್ಟುವುದಿಲ್ಲ ಅಲ್ವಾ, ಅದಕ್ಕೇ ಈ ಸರದಿ. ಇದನ್ನು ಕಿರಿಕಿರಿ ಅಂದುಕೊಳ್ಳಬೇಡಿ.

ಈಗ ಒಪ್ಪಿಗೆಯ ದಾರಿ. ಅಮೆರಿಕದಲ್ಲಿ ಎಫ್‌ಸಿಸಿ ತಾನೇ ಪ್ರತಿ ಪೆಟ್ಟಿಗೆ ನೋಡುವುದಿಲ್ಲ. ಅದು ಮಾನ್ಯ ಮಾಡಿದ ಲ್ಯಾಬ್‌ನಲ್ಲಿ ಪರೀಕ್ಷೆ ನಡೆಯುತ್ತದೆ. ಆ ವರದಿ ನೋಡಿ, ಎಫ್‌ಸಿಸಿ ಪರವಾಗಿ ಒಪ್ಪಿಗೆ ಕೊಡುವ ಟಿಸಿಬಿ ಎಂಬ ಬಗೆಯ ಸಂಸ್ಥೆ ಪ್ರಮಾಣಪತ್ರ ಕೊಡುತ್ತದೆ. ಲ್ಯಾಬ್‌ಗೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಭಾರತದ ಮಂಡಳಿ) ಮಾನ್ಯತೆ ಇದ್ದ ಮಾತ್ರಕ್ಕೆ ಎಫ್‌ಸಿಸಿಗೆ ನಡೆಯುತ್ತದೆ ಅಂತಲ್ಲ. ಎಫ್‌ಸಿಸಿ ಪಟ್ಟಿಯಲ್ಲಿ ಆ ಲ್ಯಾಬ್‌ನ ಹೆಸರು ಇದೆಯಾ ನೋಡಿಕೊಂಡೇ ದುಡ್ಡು ಕಟ್ಟಿ. ಅರ್ಜಿ ನಿಮ್ಮ ಹೆಸರಲ್ಲೇ ಹಾಕಬಹುದು. ನೋಟಿಸ್ ಬಂದರೆ ತೆಗೆದುಕೊಳ್ಳಲು ಅಮೆರಿಕದಲ್ಲಿ ವಿಳಾಸ ಇರುವ ಪ್ರತಿನಿಧಿಯೊಬ್ಬರು ಬೇಕು. ಸಂಬಂಧಿಕರು ಒಪ್ಪಿದರೆ ಅವರೇ ಆಗಬಹುದು.

ಲ್ಯಾಬ್‌ಗೆ ಹೋಗುವಾಗ ಬರೀ ಪೆಟ್ಟಿಗೆ ಒಯ್ಯಬೇಡಿ. ಅಲ್ಲಿ ಅದನ್ನು ತಿರುಗುವ ಮೇಜಿನ ಮೇಲಿಟ್ಟು, ಎದುರಿಗೆ ಆಂಟೆನಾವನ್ನು 1ರಿಂದ 4 ಮೀಟರ್‌ವರೆಗೆ ಏರಿಸಿ ಇಳಿಸಿ ಅಳೆಯುತ್ತಾರೆ. 915ರಲ್ಲಿ ಮಾತಾಡುವ ರೇಡಿಯೋ ಅದರ ಹತ್ತು ಪಟ್ಟು, ಅಂದರೆ 9 ಗಿಗಾಹರ್ಟ್ಸ್ ದಾಟಿದಲ್ಲೂ ಬೇಡದ ಸಿಗ್ನಲ್ಲಿನ ಕಸ ಚೆಲ್ಲುತ್ತಿದೆಯಾ ಎಂದು ನೋಡುತ್ತಾರೆ. ಕೆಳಗಿನ, ನಡುವಿನ, ಮೇಲಿನ ಚಾನೆಲ್‌ನಲ್ಲಿ ಬಿಡದೆ ಸಿಗ್ನಲ್ ಕಳಿಸುವ ಪರೀಕ್ಷೆಯ ಫರ್ಮ್‌ವೇರ್ ಊರಲ್ಲೇ ಮಾಡಿಟ್ಟುಕೊಳ್ಳಿ. ಗದ್ದೆಗೆ ಹೋಗುವ ಸೆನ್ಸಾರಿನ ಉದ್ದ ವೈರನ್ನೂ ಒಯ್ಯಿರಿ. ಆ ವೈರೇ ಆಂಟೆನಾ ಆಗಿ ಕುಳಿತು ಒಳಗಿನ ಸದ್ದನ್ನೆಲ್ಲ ಹೊರಗೆ ಹಾಕುವುದು ತುಂಬ ಸಾಮಾನ್ಯ.

ನಿಮಗೆ ಸುಲಭದ ದಾರಿ ಒಂದಿದೆ. ಮೊದಲೇ ಎಫ್‌ಸಿಸಿ ಒಪ್ಪಿಗೆ ಪಡೆದ ರೇಡಿಯೋ ಮಾಡ್ಯೂಲ್ (ಸಿದ್ಧ ರೇಡಿಯೋ ಭಾಗ) ಕೊಂಡು ಹಾಕುವುದು. ಆಗ ರೇಡಿಯೋದ ದೊಡ್ಡ ಖರ್ಚು ಉಳಿಯುತ್ತದೆ. ಪೆಟ್ಟಿಗೆಯ ಮೇಲೆ ಆ ಮಾಡ್ಯೂಲಿನ ಎಫ್‌ಸಿಸಿ ಐಡಿ ಒಳಗಿದೆ ಎಂದು ಬರೆದರಾಯಿತು. ಉಳಿದ ಸರ್ಕ್ಯೂಟ್‌ನ ಪರೀಕ್ಷೆ ಮಾತ್ರ ತಪ್ಪುವುದಿಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮಾಡ್ಯೂಲಿಗೆ ಒಪ್ಪಿಗೆ ಸಿಕ್ಕಿರುವುದು ಅದರ ಕಾಗದದಲ್ಲಿ ಹೇಳಿದ ಆಂಟೆನಾ ಜತೆಗೆ. ಇಲ್ಲಿ ರೈತರು ದೂರ ಸಾಲದು ಅಂದಾಗ ನೀವು ಬಿದಿರು ಗಳಕ್ಕೆ ದೊಡ್ಡ ಆಂಟೆನಾ ಕಟ್ಟಿಕೊಟ್ಟಿದ್ದೀರಿ. ಅಲ್ಲಿ ಹಾಗೆ ಮಾಡಿದರೆ ಆ ಒಪ್ಪಿಗೆ ನಿಮ್ಮ ಪೆಟ್ಟಿಗೆಗೆ ನಿಲ್ಲುವುದಿಲ್ಲ. ಬೇರೆ ಜಾತಿಯ ಅಥವಾ ಜಾಸ್ತಿ ಗೇನ್‌ನ (ಸಿಗ್ನಲ್ಲನ್ನು ಒಂದು ಕಡೆಗೆ ಹೆಚ್ಚು ಒಟ್ಟುಗೂಡಿಸಿ ಕಳಿಸುವ) ಆಂಟೆನಾ ಬೇಕಾದರೆ ಮತ್ತೆ ಪರೀಕ್ಷೆಗೆ ಹೋಗಲೇಬೇಕು.

ಒಂದೇ ಸರ್ಟಿಫಿಕೇಟ್‌ನಲ್ಲಿ ಎಲ್ಲ ದೇಶ ಮಾಡಿಸಿಕೊಡ್ತೀನಿ ಎಂದ ಏಜೆಂಟರ ಬಗ್ಗೆಯೂ ಬರೆದಿದ್ದೀರಿ. ಅಂಥ ಸರ್ಟಿಫಿಕೇಟ್ ಇಲ್ಲ. ದುಬೈಗೆ ಅಲ್ಲಿಯ ನಿಯಂತ್ರಣ ಸಂಸ್ಥೆ ಟಿಡಿಆರ್‌ಎ, ಕೀನ್ಯಾಕ್ಕೆ ಅಲ್ಲಿಯ ಕಮ್ಯುನಿಕೇಷನ್ಸ್ ಅಥಾರಿಟಿ, ಜಪಾನಿಗೆ ಗಿತೆಕಿ ಎಂಬ ಒಪ್ಪಿಗೆಯ ಗುರುತು ಬೇಕು. ಒಂದು ಕಡೆಯ ಪರೀಕ್ಷಾ ವರದಿ ಇನ್ನೊಂದು ಕಡೆ ಉಪಯೋಗಕ್ಕೆ ಬರಬಹುದು. ಒಪ್ಪಿಗೆ ಮಾತ್ರ ಆಯಾ ದೇಶದ್ದೇ. ಕೆಲವು ದೇಶಗಳಲ್ಲಿ ಅದು ಸ್ಥಳೀಯ ವ್ಯಾಪಾರಿಯ ಹೆಸರಲ್ಲಿ ಬರುತ್ತದೆ. ನಾಳೆ ಆ ವ್ಯಾಪಾರಿ ಜತೆ ಕೆಟ್ಟರೆ ನೀವು ಮೊದಲಿಂದ ಶುರು ಮಾಡಬೇಕು. ಹೆಸರು ಯಾರದು ಎಂಬುದನ್ನು ಕರಾರಿನಲ್ಲಿ ಬರೆಸಿ.

ಲಿಥಿಯಂ ಬ್ಯಾಟರಿ ಇದ್ದರೆ ವಿಮಾನದಲ್ಲಿ ಕಳಿಸಲು ಯುಎನ್ 38.3 ಎಂಬ, ಬ್ಯಾಟರಿ ಸಾಗಣೆಗೆ ಸುರಕ್ಷಿತವೇ ಎಂದು ನೋಡುವ ಪರೀಕ್ಷೆಯ ವರದಿ ಕೇಳುತ್ತಾರೆ. ಬ್ಯಾಟರಿ ಮಾರಿದವರ ಹತ್ತಿರವೇ ಕೇಳಿ ಇಸಿದುಕೊಳ್ಳಿ.

ಹೊಸ ಬೋರ್ಡಿಗೆ ಇನ್ನೂ ಆರ್ಡರ್ ಕೊಟ್ಟಿಲ್ಲ ಎಂದಿದ್ದೀರಿ. ತಡೆಯಿರಿ. ಯಾವ ಮಾಡ್ಯೂಲ್, ಯಾವ ಆಂಟೆನಾ, ಗಂಟೆಗೆ ಎಷ್ಟು ಸಲ ಸುದ್ದಿ ಕಳಿಸುತ್ತದೆ, ಇಷ್ಟನ್ನು ಬರೆದು ಕಳಿಸಿ. ಹಳೇ ಬೋರ್ಡಿನಲ್ಲೇ ಆಗುತ್ತದೋ, ಟೆಕ್ಸಸ್‌ಗೆ ಬೇರೆ ಬೋರ್ಡ್ ಬೇಕೋ ಎಂಬುದನ್ನು ಆಗ ಹೇಳಬಹುದು.

– ಸಂಪಾದಕ