ಟಾರ್ಜನ್‌ಗೆ ಮದುವೆ ಮಾಡಿಸಿದವರು ಯಾರು?

ಪ್ರಿಯರೆ,

ಟಾರ್ಜನ್‌ನನ್ನು ಸೃಷ್ಟಿಸಿದ ಅಮೆರಿಕದ ಕಾದಂಬರಿಕಾರ ಎಡ್ಗರ್ ರೈಸ್ ಬರೋಸ್ ಕುರಿತ ನಿಮ್ಮ ಲೇಖನ ತಲುಪಿದೆ. ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪು ಹುಡುಕಿದರೂ ಸಿಗಲಿಲ್ಲ, ಮಂಗಳಗ್ರಹದ ಕಾದಂಬರಿಗಳ ಮೇಲಿನ ಎರಡು ಪುಟ ಸಲೀಸಾಗಿ ಓದಿಸಿಕೊಂಡವು. ಹೊಗಳಿಕೆ ಇಲ್ಲಿಗೆ ಮುಗಿಯಿತು. ಈಗಿರುವ ರೂಪದಲ್ಲಿ ಇದನ್ನು ಅಚ್ಚಿಗೆ ಕೊಡಲಾರೆ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ 'ವಿಷಾದಿಸುತ್ತೇವೆ' ಎಂದು ಎರಡು ಸಾಲು ಬರೆದು ಕೈತೊಳೆದುಕೊಳ್ಳುತ್ತೇನೆ. ಆದರೆ ನಿಮ್ಮ ನಾಲ್ಕನೆಯ ಪುಟ ಎರಡು ದಿನದಿಂದ ನನ್ನ ತಲೆ ತಿನ್ನುತ್ತಿದೆ.

ಆ ಪುಟದ ಮೊದಲ ಸಾಲು: 'ಹೀಗೆ ಮೊದಲ ಕಾದಂಬರಿಯು ಟಾರ್ಜನ್ ಮತ್ತು ಜೇನ್‌ರ ವಿವಾಹದೊಂದಿಗೆ ಸುಖಾಂತ್ಯ ಕಾಣುತ್ತದೆ.'

ಕಾಣುವುದಿಲ್ಲ. ಮೊದಲ ಕಾದಂಬರಿ ಮುಗಿಯುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಒಂದು ಪುಟ್ಟ ರೈಲು ನಿಲ್ದಾಣದಲ್ಲಿ. ಟಾರ್ಜನ್ ಕೈಗೆ ತಂತಿ ಬಂದಿದೆ: ಬೆರಳಚ್ಚು ತಾಳೆಯಾಗಿದೆ, ಗ್ರೇಸ್ಟೋಕ್ ಮನೆತನದ ವಾರಸುದಾರ ನೀನೇ. ಎದುರಿಗಿರುವವನು ಕ್ಲೇಟನ್. ಆ ಪದವಿ, ಆಸ್ತಿ ಸದ್ಯಕ್ಕೆ ಅವನದು, ಜೇನ್ ಮದುವೆಗೆ ಮಾತು ಕೊಟ್ಟಿರುವುದೂ ಅವನಿಗೇ. ತಂತಿಯನ್ನು ಮುಂದೆ ಚಾಚಿದರೆ ಅವನದೆಲ್ಲ ಹೋಯಿತು, ಅವಳದೂ ಹೋಯಿತು. ಏನೂ ತಿಳಿಯದ ಕ್ಲೇಟನ್, ನೀನು ಆ ಹಾಳು ಕಾಡಿಗೆ ಬಂದು ಸೇರಿದ್ದಾದರೂ ಹೇಗೆ ಎಂದು ಕೇಳುತ್ತಾನೆ. ಟಾರ್ಜನ್ ಹೇಳುವುದಿಷ್ಟು: ಅಲ್ಲೇ ಹುಟ್ಟಿದೆ, ನನ್ನ ತಾಯಿ ಒಂದು ವಾನರ, ತಂದೆ ಯಾರೋ ಗೊತ್ತಿಲ್ಲ. ಪುಸ್ತಕ ಮುಗಿಯಿತು. ಮದುವೆಗೆ ನೀವು ಎರಡನೆಯ ಕಾದಂಬರಿಯವರೆಗೆ ಕಾಯಬೇಕು.

ಪೆನ್ಸಿಲ್ ಮೆಂಡರ್ ಮಾರಾಟದಲ್ಲಿ ಕೈ ಸುಟ್ಟುಕೊಂಡು, ಇನ್ನೇನೂ ದಾರಿ ಕಾಣದೆ ಕಥೆಗೆ ಕೈ ಹಾಕಿದ ಮನುಷ್ಯ ಬರೋಸ್. 'ಆಲ್-ಸ್ಟೋರಿ' ಪತ್ರಿಕೆ 700 ಡಾಲರ್ ಕೊಟ್ಟು ಈ ಕಥೆ ಕೊಂಡು 1912ರ ಅಕ್ಟೋಬರ್ ಸಂಚಿಕೆಯಲ್ಲಿ ಪೂರ್ತಿ ಹಾಕಿತು. ನೀವು 'ಅಗ್ಗದ ಮನರಂಜನೆ' ಎಂದು ಮೂರು ಕಡೆ ಬರೆದಿದ್ದೀರಲ್ಲ, ಆ ಅಗ್ಗದ ಕಾಗದದ ಮೇಲೆ ಅಚ್ಚಾದ ಕೊನೆಯ ಸಾಲುಗಳು ಇವು. ನಾಯಕ ಸುಳ್ಳು ಹೇಳಿ ಸೋಲುತ್ತಾನೆ. ಅದೂ ಪೂರ್ತಿ ಸುಳ್ಳಲ್ಲ, ಅವನನ್ನು ಸಾಕಿದ ಕಾಲಾ ವಾನರವೇ ತಾನೆ?

ಪುಸ್ತಕ ಓದದೆ ಬರೆದಿದ್ದೀರಿ. ಸಿಟ್ಟಿನಿಂದ ಹೇಳುತ್ತಿಲ್ಲ, ಈ ಕಳ್ಳತನ ಹೇಗಿರುತ್ತದೆಂದು ನನಗೆ ಗೊತ್ತು, ಅದಕ್ಕೇ ಕೂಡಲೇ ಹಿಡಿದೆ. ವಾರಪತ್ರಿಕೆಯೊಂದಕ್ಕೆ ಉಪಸಂಪಾದಕನಾಗಿ ಸೇರಿದ ಹೊಸತರಲ್ಲಿ ನನಗೆ ವಹಿಸಿದ್ದು ಧಾರಾವಾಹಿಯ ನೆತ್ತಿಯ ಮೇಲೆ ಬರುವ 'ಇಲ್ಲಿಯವರೆಗೆ'. ವಾರಕ್ಕೆ ಅರವತ್ತು ಪದ, ಅಷ್ಟೆ. ಒಂದು ವಾರ ಊರಿನ ಜಾತ್ರೆಗೆ ಹೊರಡುವ ಅವಸರ. ಹಿಂದಿನ ಕಂತು ಓದಿರಲಿಲ್ಲ. ನಾಯಕಿಯ ನಿಶ್ಚಿತಾರ್ಥಕ್ಕೆ ಸಿದ್ಧತೆ ನಡೆದಿತ್ತೆಂದು ಮಾತ್ರ ನೆನಪಿತ್ತು. ನಾನೇ ಮುಂದೆ ನಿಂತು ನಿಶ್ಚಿತಾರ್ಥ ನೆರವೇರಿಸಿ ಬಸ್ಸು ಹತ್ತಿದೆ. ಕಂತಿನಲ್ಲಿ ಆ ಹುಡುಗಿ ಅಂದು ಬೆಳಿಗ್ಗೆಯೇ ಹಿತ್ತಿಲ ಬಾಗಿಲಿಂದ ಹೊರಟುಹೋಗಿದ್ದಳು. ವಾಪಸು ಬರುವಷ್ಟರಲ್ಲಿ ಮೇಜಿನ ಮೇಲೆ 31 ಪೋಸ್ಟ್‌ಕಾರ್ಡು. ಒಂದರಲ್ಲಿ ಒಂದೇ ಸಾಲಿತ್ತು: 'ಸ್ವಾಮೀ, ನಿಮ್ಮ ಪತ್ರಿಕೆಯನ್ನು ನೀವು ಓದುವುದಿಲ್ಲವೇ?' ಸಂಪಾದಕರು ಬೈಯಲಿಲ್ಲ. ಮೂವತ್ತೊಂದಕ್ಕೂ ನನ್ನ ಕೈಬರಹದಲ್ಲೇ ಉತ್ತರ ಬರೆಸಿದರು, ಕಾರ್ಡಿನ ಖರ್ಚೂ ನನ್ನದೇ.

ಅದೇ ಪುಟದ ನಡುವೆ: 'ಆಫ್ರಿಕದಲ್ಲಿ ಹುಲಿ ಓಡಾಡಿಸಿದ ಲೇಖಕನಿಗೆ ಭೂಗೋಳದ ಗಂಧಗಾಳಿಯೂ ಇರಲಿಲ್ಲ.' ಪತ್ರಿಕೆಯಲ್ಲಿ ಹುಲಿ ಇದ್ದದ್ದು ನಿಜ, ಅವನು ಆಫ್ರಿಕಕ್ಕೆ ಕಾಲಿಟ್ಟವನಲ್ಲ ಎಂಬುದೂ ನಿಜ. ಓದುಗರು ಹಿಡಿದು ಕೇಳಿದರು. 1914ರಲ್ಲಿ ಪುಸ್ತಕವಾಗುವಾಗ 'ಸಾಬೋರ್' ಎಂಬ ಆ ಹುಲಿ ಸಿಂಹಿಣಿಯಾಯಿತು. ನೂರು ವರ್ಷದ ಹಿಂದೆಯೇ ತಿದ್ದಿಕೊಂಡ ತಪ್ಪಿಗೆ ಈಗ ನಗುತ್ತಿದ್ದೀರಿ. ಅದಕ್ಕಿಂತ ದೊಡ್ಡ ತೂತು ಪುಸ್ತಕದಲ್ಲಿ ಇವತ್ತಿಗೂ ಇದೆ. ಅದು ನಿಮಗೆ ಕಾಣದಿರಲು ಕಾರಣ ಈ ಮುಂದಿನ ಸಾಲು.

'ಟಾರ್ಜನ್ ಓದಲು ಕಲಿತ ಬಗೆಯಂತೂ ಅತ್ಯಂತ ರೋಚಕವಾಗಿದೆ.'

ಅಷ್ಟೇನಾ? ಹತ್ತು ದಾಟಿದ ಹುಡುಗ. ಮನುಷ್ಯರ ಮಾತು ಕಿವಿಗೆ ಬಿದ್ದ ನೆನಪಿಲ್ಲ. ತಂದೆತಾಯಿ ಸತ್ತುಬಿದ್ದ ಮರದ ಗುಡಿಸಲಲ್ಲಿ ಅವನಿಗೆ ಒಂದು ಬಾಲಬೋಧೆ ಸಿಗುತ್ತದೆ. ಚಿತ್ರದಲ್ಲಿ ತನ್ನಂಥದೇ ಮೈಯ ಮರಿ ವಾನರ. ಚಿತ್ರವಿಲ್ಲದ ಜಾಗದಲ್ಲೆಲ್ಲ ಕಪ್ಪು ಹುಳುಗಳು. ಕೆಲವಕ್ಕೆ ಕಾಲಿವೆ, ಒಂದಕ್ಕೂ ಕಣ್ಣಿಲ್ಲ, ಬಾಯಿಲ್ಲ. (ನಮ್ಮ ಅಕ್ಷರ ಸಿಕ್ಕಿದ್ದರೆ ಪಾಪ ಇನ್ನೂ ಹೆದರುತ್ತಿದ್ದ. ತಲಕಟ್ಟು, ಕೊಂಬು, ಒತ್ತು!) ಆ ಮರಿಯ ಚಿತ್ರ ಬಂದಲ್ಲೆಲ್ಲ ಅವೇ ಮೂರು ಹುಳುಗಳು ಅದೇ ಸಾಲಿನಲ್ಲಿ ನಿಂತಿರುವುದನ್ನು ಅವನು ಗಮನಿಸುತ್ತಾನೆ. ಹದಿನೇಳರ ಹೊತ್ತಿಗೆ ಬಾಲಬೋಧೆ ಓದುತ್ತಾನೆ, ಒಂದು ಅಕ್ಷರದ ಉಚ್ಚಾರವೂ ತಿಳಿಯದೆ. ಮುಂದೆ ಡಾರ್ನೋ ಎಂಬ ಫ್ರೆಂಚ್ ಅಧಿಕಾರಿ ಮಾತು ಕಲಿಸುತ್ತಾನೆ. ಓದುವುದು ಇಂಗ್ಲಿಷ್, ಆಡುವುದು ಫ್ರೆಂಚ್. 'ನಾನು ಟಾರ್ಜನ್, ನೀನು ಜೇನ್' ಎಂದು ನೀವು ಶೀರ್ಷಿಕೆಗೆ ಹಾಕಿದ ಮಾತು ಪುಸ್ತಕದಲ್ಲಿಲ್ಲ, 1932ರ ಸಿನಿಮಾದಲ್ಲೂ ಆ ರೂಪದಲ್ಲಿಲ್ಲ.

ಹಳ್ಳಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿತವನು ನಾನು. ದಪ್ಪ ದಪ್ಪ ಪುಸ್ತಕ ಓದುತ್ತಿದ್ದೆ, ಬೆಂಗಳೂರಿಗೆ ಬಂದಾಗ ಬಸ್ಸಿನಲ್ಲಿ ಒಬ್ಬರು 'ಟೈಮೆಷ್ಟು' ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಸುಮ್ಮನೆ ಗಡಿಯಾರ ತೋರಿಸಿದ್ದೆ. ಆ ಅಧ್ಯಾಯ ನನಗೆ 'ರೋಚಕ' ಅಲ್ಲ.

ಈಗ ತೂತಿಗೆ ಬರೋಣ. ಗುಡಿಸಲ ಬಾಗಿಲಿಗೆ ಟಾರ್ಜನ್ ಒಂದು ಚೀಟಿ ಅಂಟಿಸುತ್ತಾನೆ, ಕೆಳಗೆ ತನ್ನ ಹೆಸರು. ಅಕ್ಷರಕ್ಕೆ ಸದ್ದಿದೆ ಎಂದೇ ತಿಳಿಯದವನು, ವಾನರರ ಬಾಯಲ್ಲಿ ಮಾತ್ರ ಇರುವ 'ಟಾರ್ಜನ್' ಎಂಬ ಸದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು ಹೇಗೆ? ಬರೋಸ್‌ಗೂ ಕಚ್ಚಿರಬೇಕು, ನಂತರದ ಕಥೆಯೊಂದರಲ್ಲಿ ಹುಡುಗ ಅಕ್ಷರಗಳಿಗೆ ವಾನರ ಭಾಷೆಯಲ್ಲಿ ಹೆಸರಿಟ್ಟುಕೊಂಡಿದ್ದ ಎಂದು ತೇಪೆ ಹಾಕುತ್ತಾನೆ. ನನಗೆ ಆ ತೇಪೆ ಒಪ್ಪಿಗೆಯಾಗಿಲ್ಲ. ಆದರೆ ಆ ಚೀಟಿ ಬರೆದವನೂ ತನ್ನನ್ನು ಕಾಪಾಡಿದ ಮಾತು ಬಾರದ ಕಾಡಿನವನೂ ಬೇರೆ ಬೇರೆ ಎಂದು ಜೇನ್ ತಿಳಿಯುತ್ತಾಳಲ್ಲ, ಆ ಗೊಂದಲಕ್ಕಾಗಿ ತೂತನ್ನು ಮಾಫಿ ಮಾಡಿದ್ದೇನೆ.

ನೀವು ಆ ಚೀಟಿಯನ್ನು ಉದ್ಧರಿಸಿದ್ದೀರಿ: 'ಇದು ಮೃಗಗಳನ್ನು ಕೊಂದ ಟಾರ್ಜನ್‌ನ ಮನೆ.' ಮೃಗಗಳ ಪಕ್ಕದಲ್ಲೇ ಅವನು ಅನೇಕ ಕಪ್ಪು ಮನುಷ್ಯರನ್ನು ಕೊಂದದ್ದನ್ನೂ ಹೆಮ್ಮೆಯಿಂದ ಸೇರಿಸಿದ್ದಾನೆ. ಅದೆಲ್ಲಿ ಹೋಯಿತು? ಮುಜುಗರವಾಗಿ ನೀವು ಬಿಟ್ಟಿರೋ, ನೀವು ನಕಲು ಮಾಡಿದವರು ಮೊದಲೇ ಬಿಟ್ಟಿದ್ದರೋ ತಿಳಿಯದು. ಬಿಡುವುದೇ ಆದರೆ ಮೂರು ಚುಕ್ಕಿಯನ್ನಾದರೂ ಇಡಬೇಕಿತ್ತು. ಇಷ್ಟಪಟ್ಟ ಪುಸ್ತಕದ ಕೊಳಕನ್ನು ಒರೆಸಿ ಕೊಟ್ಟರೆ ಓದುಗ ಮೂಲಕ್ಕೆ ಹೋದ ದಿನ ನಮ್ಮಿಬ್ಬರಿಗೂ ಉಗಿಯುತ್ತಾನೆ.

ಹಸ್ತಪ್ರತಿಯನ್ನು ಇದರೊಂದಿಗೆ ವಾಪಸು ಕಳಿಸಿದ್ದೇನೆ. 'ಅದ್ಭುತ' 11 ಕಡೆ ಇದೆ, ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದೇನೆ. ಪುಸ್ತಕದ ಏಳನೆಯ ಅಧ್ಯಾಯದಿಂದ ಶುರು ಮಾಡಿ ಓದಿ, ಆ ಹುಳುಗಳ ಬಗ್ಗೆ ಮಾತ್ರ ಎರಡು ಪುಟ ಬರೆದು ಕಳಿಸಿ. ದೀಪಾವಳಿ ವಿಶೇಷಾಂಕದ ಕೆಲಸ ಮುಗಿಯುವ ತನಕ ನಾನು ಓದಲಾರೆ, ಹಾಗಾಗಿ ಆತುರ ಬೇಡ.

ಸಂ.