ಓದುಗರ ಪ್ರಶ್ನೆ, ತಜ್ಞರ ಉತ್ತರ: ಮನೆಯಿಂದ ಅಂಗಡಿಯ ಟ್ಯಾಲಿಗೆ ದಾರಿ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಪೈಪು, ಮೋಟರ್ ಮಾರುವ ಅಂಗಡಿ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಇರುವುದು ಅಂಗಡಿಯ ಒಂದೇ ಕಂಪ್ಯೂಟರಿನಲ್ಲಿ. ಅಕೌಂಟೆಂಟ್ ಮನೆಯಿಂದ ಕೆಲಸ ಮಾಡಲೆಂದು ರೂಟರಿನಲ್ಲಿ 3389 ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆಸಿದ್ದೇವೆ. ಪಾಸ್‌ವರ್ಡ್ ಗಟ್ಟಿಯಾಗಿದೆ. ಆದರೂ ವಿಪಿಎನ್ ಬೇಕೆ?

ಉತ್ತರ: ಬೇಕು. ವಿಪಿಎನ್ ಎಂದರೆ ಇಂಟರ್ನೆಟ್ಟಿನ ಮೂಲಕವೇ ಹೋಗುವ, ಬೇರೆಯವರು ಇಣುಕಲಾಗದ ಖಾಸಗಿ ದಾರಿ. ಮೊದಲು ಆ ಪೋರ್ಟನ್ನು ಇವತ್ತೇ ಮುಚ್ಚಿಸಿ. 3389 ವಿಂಡೋಸಿನಲ್ಲಿ ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪಿನದು ಎಂದು ಎಲ್ಲರಿಗೂ ಗೊತ್ತು. ತೆರೆದಿಟ್ಟ ಬಾಗಿಲು ಹುಡುಕುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಒಳಹೊಕ್ಕವರು ಟ್ಯಾಲಿ ಡೇಟಾಕ್ಕೆ ಬೀಗ ಹಾಕಿ ಹಣ ಕೇಳುತ್ತಾರೆ. ಗಟ್ಟಿ ಪಾಸ್‌ವರ್ಡ್ ಇದ್ದರೂ ಸಾಲದು. 2019ರಲ್ಲಿ ಹಳೆಯ ವಿಂಡೋಸ್‌ಗಳಲ್ಲಿ ಸಿಕ್ಕ ಬ್ಲೂಕೀಪ್ ದೋಷಕ್ಕೆ ಪಾಸ್‌ವರ್ಡೇ ಬೇಕಿರಲಿಲ್ಲ. ಪೋರ್ಟ್ ಸಂಖ್ಯೆ ಬದಲಿಸುವುದರಿಂದಲೂ ಹೆಚ್ಚೇನೂ ಉಪಯೋಗವಿಲ್ಲ.

ನಿಮ್ಮ ಅಂಗಡಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಪ್ರೋಗ್ರಾಂ ಸಾಕು. ಅದು ಉಚಿತ. ಕೆಲವು ರೂಟರುಗಳಲ್ಲೇ ಇರುತ್ತದೆ. ಇಲ್ಲದಿದ್ದರೆ ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಇಡಿ. ರೂಟರಿನಿಂದ ಅದಕ್ಕೆ ವೈರ್‌ಗಾರ್ಡಿನ ಪೋರ್ಟ್ ಆದ ಯುಡಿಪಿ 51820 ಒಂದನ್ನೇ ಬಿಡಿ. ಸರಿಯಾದ ಕೀ ಇಲ್ಲದೆ ಬಂದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಹುಡುಕುವವರಿಗೆ ಅಲ್ಲಿ ಏನಿದೆಯೆಂದೇ ತಿಳಿಯದು. 3389 ಈಗ ಹೊರಗಿನಿಂದ ಸಿಗುತ್ತಿದೆಯೆಂದರೆ ನಿಮಗೆ ಪಬ್ಲಿಕ್ ಐಪಿ (ಇಂಟರ್ನೆಟ್ಟಿನಿಂದ ನೇರವಾಗಿ ತಲುಪಬಹುದಾದ ವಿಳಾಸ) ಇದೆ. ಉಳಿದ ಓದುಗರು ರೂಟರಿನಲ್ಲಿ ವ್ಯಾನ್ ಐಪಿ (ಬ್ರಾಡ್‌ಬ್ಯಾಂಡಿನವರು ರೂಟರಿಗೆ ಕೊಟ್ಟ ವಿಳಾಸ) ನೋಡಿಕೊಳ್ಳಿ: ಅದು 100.64ರಿಂದ 100.127ರ ನಡುವೆ ಇದ್ದರೆ ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದ್ದಾರೆ, ಹೊರಗಿನ ಸಂಪರ್ಕ ನಿಮ್ಮ ತನಕ ಬರುವುದಿಲ್ಲ. ಬ್ರಾಡ್‌ಬ್ಯಾಂಡಿನವರಿಂದ ಸ್ಟಾಟಿಕ್ ಐಪಿ (ಬದಲಾಗದ ಪಬ್ಲಿಕ್ ವಿಳಾಸ) ಕೇಳಿ ಪಡೆಯಬೇಕು.

ಅಕೌಂಟೆಂಟ್ ಲ್ಯಾಪ್‌ಟಾಪಿನ ಕೀ ಜೋಡಿಯನ್ನು (ಗುರುತು ತೋರಿಸುವ ಪಬ್ಲಿಕ್, ಪ್ರೈವೇಟ್ ಎಂಬ ಎರಡು ಸಂಕೇತ) ಆ ಲ್ಯಾಪ್‌ಟಾಪಿನಲ್ಲೇ ಮಾಡಿಸಿ. ಪಬ್ಲಿಕ್ ಕೀಯನ್ನು ವಾಟ್ಸಾಪಿನಲ್ಲಿ ಕಳಿಸಿದರೂ ತೊಂದರೆಯಿಲ್ಲ, ಪ್ರೈವೇಟ್ ಕೀ ಮಾತ್ರ ಅಲ್ಲಿಂದ ಕದಲಬಾರದು. ವಿಪಿಎನ್ ಒಳಗಿನ ವಿಳಾಸವಾಗಿ ಪೈಗೆ 10.66.0.1, ಲ್ಯಾಪ್‌ಟಾಪಿಗೆ 10.66.0.2 ಕೊಡಿ. ಲ್ಯಾಪ್‌ಟಾಪಿನ ಅಲೌಡ್ ಐಪೀಸ್ (ವಿಪಿಎನ್ ಮೂಲಕ ಹೋಗಬೇಕಾದ ವಿಳಾಸಗಳು) ಸಾಲಿನಲ್ಲಿ ಟ್ಯಾಲಿ ಕಂಪ್ಯೂಟರಿನ ವಿಳಾಸ ಮಾತ್ರ ಇರಲಿ, ಉದಾಹರಣೆಗೆ 192.168.1.20/32 (/32 ಎಂದರೆ ಆ ಒಂದೇ ವಿಳಾಸ). ಅಲ್ಲಿ 0.0.0.0/0 ಎಂದು ಬರೆದರೆ ಅವರ ಮನೆಯ ಯೂಟ್ಯೂಬೂ ನಿಮ್ಮ ಲೈನಿನಲ್ಲೇ ಹರಿಯುತ್ತದೆ. ಈ ಸಾಲನ್ನು ಅವರೇ ತಿದ್ದಬಹುದಾದ್ದರಿಂದ ಪೈನ ಫೈರ್‌ವಾಲಿನಲ್ಲೂ ಅದೇ ಮಿತಿ ಹಾಕಿ.

ಸಾಮಾನ್ಯವಾಗಿ ಎಡವುವುದು ಇಲ್ಲಿ: ಹ್ಯಾಂಡ್‌ಶೇಕ್ (ಎರಡೂ ಕಡೆ ಪರಸ್ಪರ ಗುರುತು ಹಿಡಿಯುವುದು) ಆಗಿರುತ್ತದೆ, ಟ್ಯಾಲಿ ಕಂಪ್ಯೂಟರ್ ಮಾತ್ರ ಸಿಗುವುದಿಲ್ಲ. ಪೈನಲ್ಲಿ ಐಪಿ ಫಾರ್ವರ್ಡಿಂಗ್ (ಬಂದದ್ದನ್ನು ಮುಂದಿನ ಕಂಪ್ಯೂಟರಿಗೆ ದಾಟಿಸುವುದು) ಆನ್ ಆಗಿರಬೇಕು. 10.66.0.x ಎಲ್ಲಿದೆಯೆಂದು ಟ್ಯಾಲಿ ಕಂಪ್ಯೂಟರಿಗೆ ತಿಳಿಯದು, ಆದ್ದರಿಂದ ಉತ್ತರ ವಾಪಸು ಬರುವಂತೆ ಅಂಗಡಿಯ ರೂಟರಿನಲ್ಲಿ ಪೈ ಕಡೆಗೆ ಸ್ಟಾಟಿಕ್ ರೂಟ್ (ಕಾಯಂ ದಾರಿ) ಬರೆಯಬೇಕು.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ವಿಪಿಎನ್ ಬಂತೆಂದು ಟ್ಯಾಲಿಯ ಡೇಟಾ ಫೋಲ್ಡರನ್ನು ಮನೆಯ ಲ್ಯಾಪ್‌ಟಾಪಿನಿಂದ ನೇರವಾಗಿ ತೆರೆಯಬಾರದು. ತುಂಬ ನಿಧಾನ, ಮೇಲಾಗಿ ಎಂಟ್ರಿ ಮಧ್ಯೆ ಲೈನ್ ಕಡಿದರೆ ಡೇಟಾ ಕೆಡಬಹುದು. ವಿಪಿಎನ್ ಒಳಗೆ ರಿಮೋಟ್ ಡೆಸ್ಕ್‌ಟಾಪನ್ನೇ ಬಳಸಿ. ಅಕೌಂಟೆಂಟ್ ಒಳಬಂದಾಗ ಅಂಗಡಿಯ ಪರದೆ ಲಾಕ್ ಆಗುತ್ತದೆ. ಬಿಲ್ಲಿಂಗ್ ಇಲ್ಲದ ಹೊತ್ತು ಗೊತ್ತು ಮಾಡಿಕೊಳ್ಳಿ.

ಪ್ರಶ್ನೆ: ಹುಬ್ಬಳ್ಳಿಯ ಆಫೀಸಿಗೆ ಮನೆಯ ವೈಫೈನಿಂದ ವಿಪಿಎನ್ ಕನೆಕ್ಟ್ ಆಗುತ್ತದೆ, ಆದರೆ ಸರ್ವರ್ ತೆರೆಯುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಸರಿಯಾಗಿದೆ. ಏಕೆ?

ಉತ್ತರ: ಬಹುಪಾಲು ಎರಡೂ ಕಡೆ 192.168.1.x ಇದೆ. ಸರ್ವರ್ ಮನೆಯೊಳಗೇ ಇದೆಯೆಂದು ತಿಳಿದು ಲ್ಯಾಪ್‌ಟಾಪ್ ಅಲ್ಲೇ ಹುಡುಕುತ್ತದೆ. ಸದ್ಯಕ್ಕೆ ಸರ್ವರಿನ ಒಂದೇ ವಿಳಾಸಕ್ಕೆ /32 ರೂಟ್ ಹಾಕಿ ನಡೆಸಬಹುದು. ಮುಂದೆ ಯಾರಿಗೂ ಹೀಗಾಗದಿರಲು ಆಫೀಸಿನದನ್ನು 192.168.77.x ಮಾಡಿಸಿ, ಪ್ರಿಂಟರಿಗೆ, ಸಿಸಿಟಿವಿಗೆ ಕೈಯಾರೆ ಕೊಟ್ಟ ವಿಳಾಸಗಳನ್ನೂ ಅದೇ ದಿನ ಬದಲಿಸಬೇಕು. ಪಿಂಗ್ (ಸಂಪರ್ಕ ಪರೀಕ್ಷೆ) ಬಂದು ಪರದೆ ಅರ್ಧಕ್ಕೇ ನಿಲ್ಲುತ್ತಿದ್ದರೆ ಅದು ಬೇರೆ ರೋಗ: ವಿಪಿಎನ್‌ನ ಎಂಟಿಯು (ಒಮ್ಮೆಗೆ ಕಳಿಸುವ ಡೇಟಾ ತುಣುಕಿನ ಗರಿಷ್ಠ ಗಾತ್ರ) 1280ಕ್ಕೆ ಇಳಿಸಿ ನೋಡಿ.

ಪ್ರಶ್ನೆ: ವೈರ್‌ಗಾರ್ಡ್ ಇರುವ ಲ್ಯಾಪ್‌ಟಾಪ್ ಕಳುವಾದರೆ?

ಉತ್ತರ: ವೈರ್‌ಗಾರ್ಡ್ ಪಾಸ್‌ವರ್ಡ್ ಕೇಳುವುದಿಲ್ಲ, ಲ್ಯಾಪ್‌ಟಾಪಿನಲ್ಲಿರುವ ಕೀ ಸಿಕ್ಕರೆ ದಾರಿ ಸಿಕ್ಕಂತೆ. ತಕ್ಷಣ ವಿಪಿಎನ್ ಸರ್ವರಿನಲ್ಲಿ ಆ ಲ್ಯಾಪ್‌ಟಾಪಿನ ಪಬ್ಲಿಕ್ ಕೀ ಇರುವ ಭಾಗ ಅಳಿಸಿ, ಉಳಿದವರ ಕೆಲಸ ನಿಲ್ಲದು. ಆಮೇಲೆ ಆಫೀಸಿನ ಕಂಪ್ಯೂಟರಿನ ವಿಂಡೋಸ್ ಪಾಸ್‌ವರ್ಡ್ ಬದಲಿಸಿ. ಲ್ಯಾಪ್‌ಟಾಪ್ ಇನ್ನೂ ಕೈಯಲ್ಲಿರುವವರು ಈಗಲೇ ಬಿಟ್‌ಲಾಕರ್ (ಡಿಸ್ಕಿನ ಡೇಟಾಕ್ಕೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿಕೊಳ್ಳಿ.